ನಗರದ ಬಾವಿಯಿಂದ ಎದ್ದ ಬಾಣಗಳು

ನ್ಯಾಮತಿ, ಹೊನ್ನಾಳಿ, ಚನ್ನಗಿರಿಯ ಕಡೆಯ ಹಳ್ಳಿಗಳಲ್ಲಿ ಹೊಲ ಉಳುವಾಗಲೋ ಪಾಯ ತೋಡುವಾಗಲೋ ತೂಕದ ಕಬ್ಬಿಣದ ಉಂಡೆಯೊಂದು ಸಿಕ್ಕಿತೆಂದರೆ ಸಾಕು, ಅದು ಟಿಪ್ಪುವಿನ ಫಿರಂಗಿ ಗುಂಡು ಎಂಬ ತೀರ್ಮಾನ ಅಲ್ಲೇ ಆಗಿಬಿಡುತ್ತದೆ. ಟಿಪ್ಪು ಅಲ್ಲದಿದ್ದರೆ ಪಾಳೆಯಗಾರರದು. ಅದೂ ಅಲ್ಲದಿದ್ದರೆ ಪೇಶ್ವೆಯವರದು. ಉಂಡೆಯನ್ನು ತಕ್ಕಡಿಗೆ ಹಾಕಿದವರಾಗಲಿ, ಅದರ ಅಡ್ಡಳತೆ ನೋಡಿದವರಾಗಲಿ ಕಡಿಮೆ. ಹಲವು ಬಾರಿ ಅದು ಅದಿರು ಪುಡಿಮಾಡುವ ಗಿರಣಿಯ ಉಕ್ಕಿನ ಗುಂಡಾಗಿರುತ್ತದೆ. ವಸ್ತುವನ್ನು ನೋಡುವ ಮೊದಲೇ ಅದಕ್ಕೆ ಹೆಸರಿಡುವ ಈ ಆತುರ ಹಳ್ಳಿಯವರದು ಮಾತ್ರವಲ್ಲ. ನಮ್ಮದೇ ಮಲೆನಾಡಿನಲ್ಲಿ ಸಿಕ್ಕ ಬಹು ಮುಖ್ಯವಾದ ವಸ್ತುಗಳ ರಾಶಿಯೊಂದು ಸುಮಾರು ಐದು ವರ್ಷ ತಪ್ಪು ಹೆಸರಿನಲ್ಲಿ ಮ್ಯೂಸಿಯಮ್ಮಿನೊಳಗೆ ಬಿದ್ದಿತ್ತು ಎಂಬುದನ್ನು ಎಷ್ಟು ಜನ ಬಲ್ಲರು?

ಶಿವಮೊಗ್ಗದಿಂದ ಪಶ್ಚಿಮಕ್ಕೆ ಹೊಸನಗರದ ದಾರಿ ಹಿಡಿದು ಮುಂದೆ ಹೋದರೆ ನಗರ ಎಂಬ ಊರು ಸಿಗುತ್ತದೆ. ಇಂದು ಅದು ಅಡಿಕೆ ತೋಟಗಳ ನಡುವಿನ ಸಣ್ಣ ಊರು. ಒಂದು ಕಾಲಕ್ಕೆ ಅದೇ ಬಿದನೂರು, ಕೆಳದಿ ನಾಯಕರ ರಾಜಧಾನಿ. 2002ರಲ್ಲಿ ಅಲ್ಲಿನ ಹಳೆಯ ಬಾವಿಯೊಂದರ ಹೂಳು ತೆಗೆಯುವಾಗ ತುಕ್ಕು ಹಿಡಿದ ಸುಮಾರು 160 ಕಬ್ಬಿಣದ ಕೊಳವೆಗಳು ಸಿಕ್ಕವು. ಅವು ಶಿವಮೊಗ್ಗಕ್ಕೆ ಬಂದು, ತುಂಗೆಯ ದಡದಲ್ಲಿ ಶಿವಪ್ಪ ನಾಯಕನ ಅರಮನೆ ಎಂದು ಕರೆಯಲಾಗುವ ಕಟ್ಟಡದ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿದವು. ಅವಕ್ಕೆ ಬಿದ್ದ ಹೆಸರು ಶೆಲ್, ಅಂದರೆ ಫಿರಂಗಿಯಿಂದ ಹಾರಿಸುವ ಸಿಡಿಗುಂಡು. 2007ರ ಸುಮಾರಿಗೆ ನಡೆದ ಅಧ್ಯಯನದಿಂದ ಅವು ಶೆಲ್‌ಗಳಲ್ಲ, 18ನೇ ಶತಮಾನದ ಯುದ್ಧ ರಾಕೆಟ್‌ಗಳು ಎಂಬುದು ಗೊತ್ತಾಯಿತು.

ಆಮೇಲೆ 2018ರ ಜುಲೈ ಬಂತು. ಅದೇ ನಗರದಲ್ಲಿ ಒಣಗಿದ ಬಾವಿಯೊಂದರ ಮಣ್ಣಿನಿಂದ ಮದ್ದಿನ ವಾಸನೆ ಬರುತ್ತಿದ್ದುದನ್ನು ಗಮನಿಸಿ ರಾಜ್ಯ ಪುರಾತತ್ವ ಇಲಾಖೆಯವರು ಉತ್ಖನನಕ್ಕೆ ಇಳಿದರು. ಹದಿನೈದು ಜನರ ತಂಡ ಮೂರು ದಿನ ಅಗೆದು ಹೊರತೆಗೆದದ್ದು ಒಂದು ಸಾವಿರಕ್ಕೂ ಹೆಚ್ಚು ರಾಕೆಟ್‌ಗಳನ್ನು. ಬಿಡಿಬಿಡಿಯಾಗಿ ಅಲ್ಲ, ರಾಶಿಯಾಗಿ. ಹೆಚ್ಚಿನವು 23ರಿಂದ 26 ಸೆಂಟಿಮೀಟರ್ ಉದ್ದದವು. ಜಗತ್ತಿನ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ನಮ್ಮಲ್ಲಿಯೂ ಒಂದೆರಡು ದಿನ ಚರ್ಚೆಯಾಗಿ ಮರೆಯಾಯಿತು.

ಶೆಲ್ ಆದರೇನು, ರಾಕೆಟ್ ಆದರೇನು, ಎರಡೂ ಕೊಲ್ಲುವ ಸಾಧನಗಳೇ ಎಂದು ಓದುಗರು ಕೇಳಬಹುದು. ಆದರೆ ಇತಿಹಾಸದ ದೃಷ್ಟಿಯಿಂದ ಈ ವ್ಯತ್ಯಾಸ ಬಹಳ ದೊಡ್ಡದು. ಫಿರಂಗಿಯ ಶೆಲ್ ಯುರೋಪಿನಿಂದ ಇಲ್ಲಿಗೆ ಬಂದ ವಿದ್ಯೆಯ ಮುಂದುವರಿಕೆ. ಕಬ್ಬಿಣದ ಕೊಳವೆಯ ರಾಕೆಟ್ ಇಲ್ಲಿಂದ ಯುರೋಪಿಗೆ ಹೋದ ವಿದ್ಯೆ. ಒಂದು ಚೀಟಿಯಲ್ಲಿ ಬರೆದ ತಪ್ಪು ಪದ ಇಡೀ ದಿಕ್ಕನ್ನೇ ಬದಲಿಸಿಬಿಡುತ್ತದೆ.

ಹಾಗಾದರೆ ಗುರುತಿಸುವುದು ಹೇಗೆ? ಮೊದಲ ಪ್ರಶ್ನೆ ಆಕಾರದ್ದು. 18ನೇ ಶತಮಾನದ ಫಿರಂಗಿಗಳ ನಳಿಗೆ ಒಳಗೆ ನುಣುಪಾಗಿತ್ತು. ಅದರಿಂದ ಹಾರುವ ಗುಂಡು, ಗಟ್ಟಿಯಾಗಿರಲಿ ಪೊಳ್ಳಾಗಿರಲಿ, ದುಂಡಗೇ ಇರುತ್ತಿತ್ತು. ಗಟ್ಟಿ ಗುಂಡನ್ನು ಪೌಂಡುಗಳ ಲೆಕ್ಕದಲ್ಲಿ ಎಣಿಸುತ್ತಿದ್ದರು. ಆರು ಪೌಂಡಿನ ಗುಂಡು ಸುಮಾರು 2.7 ಕಿಲೋ ತೂಗಿ ಸುಮಾರು 9 ಸೆಂಟಿಮೀಟರ್ ಅಡ್ಡಳತೆ ಇರುತ್ತದೆ. ಹನ್ನೆರಡು ಪೌಂಡಿನದು 5.4 ಕಿಲೋ, 11 ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು. ಅಳತೆಗೂ ತೂಕಕ್ಕೂ ತಾಳೆಯಾಗದೆ ತೂಕ ಕಡಿಮೆ ಬಂದರೆ ಒಳಗೆ ಪೊಳ್ಳು ಇದೆ ಎಂದರ್ಥ, ಅಂದರೆ ಅದು ಶೆಲ್. ಶೆಲ್ಲಿನಲ್ಲಿ ಬತ್ತಿಯ ಮರದ ಬೆಣೆ ತೂರಿಸುವ ರಂಧ್ರವೊಂದು ಇದ್ದೇ ಇರುತ್ತದೆ. ಎರಕ ಹೊಯ್ದದ್ದಾದ್ದರಿಂದ ಅಚ್ಚಿನ ಎರಡು ಹೋಳು ಕೂಡಿದ ಗೆರೆ ಸುತ್ತಲೂ ಕಾಣಬಹುದು. ಗಿರಣಿಯ ಗುಂಡಿನಲ್ಲಿ ರಂಧ್ರವೂ ಇಲ್ಲ, ಅದರ ಅಳತೆ ಹಳೆಯ ಪೌಂಡಿನ ಲೆಕ್ಕಕ್ಕೆ ಕೂಡುವುದೂ ಇಲ್ಲ.

ಉದ್ದನೆಯ, ಮೊನೆಯುಳ್ಳ, ಬುಡದ ಹತ್ತಿರ ತಾಮ್ರದ ಪಟ್ಟಿಯೋ ಗುಬುಟುಗಳೋ ಇರುವ ಶೆಲ್ ಬೇರೆ ಕಾಲದ್ದು. ನಳಿಗೆಯ ಒಳಗೆ ಸುರುಳಿ ಗೀರು ಹಾಕಿ ಗುಂಡನ್ನು ತಿರುಗಿಸುತ್ತಾ ಹಾರಿಸುವ ಫಿರಂಗಿಗಳು ವ್ಯಾಪಕವಾಗಿ ಬಳಕೆಗೆ ಬಂದದ್ದು 1850ರ ದಶಕದ ನಂತರ. ಟಿಪ್ಪು ಶಹೀದನಾಗಿ ಆಗಲೇ ಅರ್ಧ ಶತಮಾನ ಕಳೆದಿತ್ತು. ಆದ್ದರಿಂದ ಟಿಪ್ಪುವಿನ ಕಾಲದ ನೆಲೆಯಲ್ಲಿ ಉದ್ದನೆಯ ಕಬ್ಬಿಣದ ಕೊಳವೆ ಸಿಕ್ಕರೆ ಅದು ಫಿರಂಗಿಯ ಬಾಯಿಂದ ಹೊರಟದ್ದಾಗಿರುವ ಸಂಭವ ಬಹಳ ಕಡಿಮೆ. ನಗರದ ಕೊಳವೆಗಳ ಒಂದು ತುದಿ ಮುಚ್ಚಿದೆ, ಇನ್ನೊಂದು ತುದಿಯಲ್ಲಿ ಸಣ್ಣ ಬಾಯಿ ಇದೆ. ಮದ್ದು ಉರಿದಾಗ ಹೊಗೆ ರಭಸದಿಂದ ಹೊರನುಗ್ಗಿ ಕೊಳವೆಯನ್ನು ಮುಂದಕ್ಕೆ ತಳ್ಳುವುದು ಅದೇ ಬಾಯಿಯಿಂದ. ಇಷ್ಟನ್ನು ನೋಡಿದ್ದರೆ 2002ರಲ್ಲೇ ಅನುಮಾನ ಬರಬೇಕಾಗಿತ್ತು. ಆದರೆ ಅಂದು ಹೋಲಿಸಿ ನೋಡಲು ಇಲ್ಲಿ ಇನ್ನೊಂದು ಮಾದರಿಯೇ ಇರಲಿಲ್ಲ ಎಂಬುದನ್ನೂ ನೆನಪಿಡಬೇಕು. ದೂರುವುದು ಸುಲಭ.

ಮಾದರಿಗಳು ಇದ್ದದ್ದು ಲಂಡನ್ನಿನಲ್ಲಿ. ಬೆಂಗಳೂರಿನ ವೈಮಾನಿಕ ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್‌ಗಳ ಬಗ್ಗೆ ಒಂದು ಉಪನ್ಯಾಸ ಕೊಟ್ಟರು. ಆ ವಿಷಯದಲ್ಲಿ ಇಂದಿಗೂ ಎಲ್ಲರೂ ಮೊರೆಹೋಗುವ ಬರಹ ಅದು. ಊಲ್ವಿಚ್‌ನ ರಾಯಲ್ ಆರ್ಟಿಲರಿ ಸಂಗ್ರಹದಲ್ಲಿದ್ದ ಮೈಸೂರಿನ ಎರಡು ರಾಕೆಟ್‌ಗಳ ಅಳತೆಯನ್ನು ಅವರು ಅದರಲ್ಲಿ ಕೊಟ್ಟಿದ್ದಾರೆ. ಒಂದರ ಕೊಳವೆ 254 ಮಿಲಿಮೀಟರ್ ಉದ್ದ, 58 ಮಿಲಿಮೀಟರ್ ಅಡ್ಡಳತೆ. ಅದನ್ನು ಚರ್ಮದ ಪಟ್ಟಿಗಳಿಂದ ಒಂದು ಮೀಟರಿಗೂ ಸ್ವಲ್ಪ ಹೆಚ್ಚು ಉದ್ದದ ಕತ್ತಿಯ ಅಲಗಿಗೆ ಬಿಗಿಯಲಾಗಿದೆ. ಇನ್ನೊಂದು 198 ಮಿಲಿಮೀಟರ್ ಉದ್ದ, 37 ಮಿಲಿಮೀಟರ್ ಅಡ್ಡಳತೆ. ಅದಕ್ಕೆ ಕಟ್ಟಿರುವುದು 1.9 ಮೀಟರ್ ಉದ್ದದ ಬಿದಿರಿನ ಗಳ. ಈಗ ನಗರದ 23-26 ಸೆಂಟಿಮೀಟರಿನ ಕೊಳವೆಗಳನ್ನು ಇವುಗಳ ಪಕ್ಕದಲ್ಲಿಟ್ಟು ನೋಡಿ. ಊಲ್ವಿಚ್‌ನ ದೊಡ್ಡ ಕೊಳವೆಯ ಉದ್ದ ಸರಿಯಾಗಿ ಅದೇ ಅಳತೆಯೊಳಗೆ ಬೀಳುತ್ತದೆ. ಬಿದಿರೂ ಚರ್ಮವೂ ಬಾವಿಯ ಕೆಸರಿನಲ್ಲಿ ಕರಗಿ ಹೋಗುವಂಥವು. ಉಳಿಯುವುದು ಕಬ್ಬಿಣ ಮಾತ್ರ. ಗಳ ಕಳಚಿಹೋದ ಬಾಣವನ್ನು ಶೆಲ್ ಎಂದು ಭ್ರಮಿಸಿದ್ದರಲ್ಲಿ ಅಂಥ ಆಶ್ಚರ್ಯವೇನೂ ಇಲ್ಲ.

ಎರಡನೆಯದು ಲೋಹದ ಸಾಕ್ಷ್ಯ. ಶೆಲ್ಲು ಎರಕದ ಕಬ್ಬಿಣ, ಒರಟು, ಪೆಡಸು. ಸಿಡಿದಾಗ ಚೂರುಚೂರಾಗಬೇಕಾದ್ದರಿಂದ ಪೆಡಸಾಗಿರುವುದೇ ಅದರ ಗುಣ. ರಾಕೆಟ್ ಅದಕ್ಕೆ ತದ್ವಿರುದ್ಧ. ಅದು ಸಿಡಿಯಬಾರದು, ಒತ್ತಡವನ್ನು ತಡೆದುಕೊಂಡು ಓಡಬೇಕು. ಹಾಗಾಗಿ ಮೈಸೂರಿನವರು ಬಳಸಿದ್ದು ಬಡಿದು ಹದಗೊಳಿಸಿದ ಮೆದು ಕಬ್ಬಿಣ. ಅದೇ ಕಾಲದಲ್ಲಿ ಯುರೋಪಿನವರ ರಾಕೆಟ್‌ಗಳ ಕೊಳವೆ ರಟ್ಟಿನದ್ದಾಗಿತ್ತು. ರಟ್ಟಿನಲ್ಲಿ ಹೆಚ್ಚು ಮದ್ದು ತುಂಬಿದರೆ ಅದು ಒಡೆದುಹೋಗುತ್ತದೆ, ಕಡಿಮೆ ತುಂಬಿದರೆ ಸಂಕೇತ ದೀಪಕ್ಕೂ ಉತ್ಸವಕ್ಕೂ ಮಾತ್ರ ಸಾಕು. ಕಬ್ಬಿಣದ ಕೊಳವೆಯಿಂದಾಗಿ ಮೈಸೂರಿನ ಬಾಣ ಒಂದು ಕಿಲೋಮೀಟರಿಗೂ ಮಿಕ್ಕಿ ಹಾರಿತು. ಇಷ್ಟೇ ರಹಸ್ಯ. ಕುಲುಮೆಯ ರಹಸ್ಯ. ಆ ತಗಡನ್ನು ಬಡಿದು, ಸುತ್ತಿ, ಬಾಯಿ ಕಿರಿದು ಮಾಡಿದ ಕಮ್ಮಾರರ ಹೆಸರು ನಮಗೆ ಯಾವ ದಾಖಲೆಯಿಂದಲೂ ತಿಳಿಯುವುದಿಲ್ಲ. ಟಿಪ್ಪುವಿನ ಹೆಸರಿನಲ್ಲಿ ಜಗಳವಾಡುವವರಾಗಲಿ ಜೈಕಾರ ಹಾಕುವವರಾಗಲಿ ಅವರನ್ನು ನೆನೆದದ್ದನ್ನು ನಾನು ಕೇಳಿಲ್ಲ.

ಮೂರನೆಯದು ಗುರುತುಗಳು. ಇಲ್ಲಿ ನಿರಾಶೆ ಕಾದಿದೆ, ಆದರೆ ಆ ನಿರಾಶೆಯೂ ಒಂದು ಮಾಹಿತಿಯೇ. ಹಳೆಯ ಆಯುಧಗಳನ್ನು ಓದಲು ಬಲ್ಲವರಿಗೆ ಗುರುತುಗಳು ಜಾತಕವಿದ್ದಂತೆ. ಟಿಪ್ಪುವಿನ ಫಿರಂಗಿ, ಬಂದೂಕುಗಳ ಮೇಲೆ ಬಬ್ರಿ ಎಂಬ ಹುಲಿಪಟ್ಟೆ ಇರುತ್ತದೆ. ಕೆಲವು ಫಿರಂಗಿಗಳ ಬಾಯಿಯೇ ಹುಲಿಯ ಬಾಯಿ. ‘ಹೈದರ್’ ಎಂಬ ಹೆಸರಿನ ಅಕ್ಷರಗಳುಳ್ಳ ಪುಟ್ಟ ಮುದ್ರೆ ಇರುತ್ತದೆ. 1787ರಿಂದ ಟಿಪ್ಪು ಮೌಲೂದಿ ಶಕೆಯನ್ನು ಜಾರಿಗೆ ತಂದ. ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಲಾಗುತ್ತಿತ್ತು. ಇದನ್ನು ತಿಳಿಯದವರು ಮೋಸಹೋಗುತ್ತಾರೆ. ನಮ್ಮ ಕಣ್ಣಿಗೆ 8121 ಎಂದು ಕಾಣುವುದನ್ನು 1218 ಎಂದು ಓದಬೇಕು. ಅದಕ್ಕೆ 572 ಕೂಡಿಸಿದರೆ 1790 ಬರುತ್ತದೆ.

ಎದುರು ಪಾಳೆಯದ ಗುರುತುಗಳೂ ಹೀಗೆಯೇ. ಈಸ್ಟ್ ಇಂಡಿಯಾ ಕಂಪನಿಯ ಬಂದೂಕಿನ ಮೇಲೆ ಹೃದಯದಾಕಾರದೊಳಗೆ ಕಂಪನಿಯ ಹೆಸರಿನ ಅಕ್ಷರಗಳಿದ್ದರೆ ಅದು 1808ಕ್ಕೂ ಮೊದಲಿನದು, ನಿಂತ ಸಿಂಹವಿದ್ದರೆ ಆಮೇಲಿನದು. ಬ್ರಿಟಿಷ್ ಸರ್ಕಾರಿ ಸ್ವತ್ತಿಗೆ ಅಗಲವಾದ ಬಾಣದ ಮೊನೆಯ ಗುರುತು. ಫಿರಂಗಿಯ ಬೆನ್ನ ಮೇಲೆ 8-2-14 ಎಂಬಂತೆ ಮೂರು ಅಂಕಿಗಳಿದ್ದರೆ ಅದು ದಿನಾಂಕವಲ್ಲ, ತೂಕ. ಮೊದಲನೆಯದು 112 ಪೌಂಡಿನ ಹಂಡ್ರೆಡ್‌ವೇಟ್, ಎರಡನೆಯದು 28 ಪೌಂಡಿನ ಕಾಲು ಭಾಗ, ಮೂರನೆಯದು ಬಿಡಿ ಪೌಂಡು. ಕೂಡಿಸಿದರೆ 966 ಪೌಂಡು, ಅಂದರೆ ಸುಮಾರು 438 ಕಿಲೋ. ಇಂಥ ಅಂಕಿಯನ್ನು 1814ನೇ ಇಸವಿಯ ಫೆಬ್ರುವರಿ 8 ಎಂದು ಓದಿ ಸಂಭ್ರಮಿಸುವವರು ಇಲ್ಲದಿಲ್ಲ.

ಫಿರಂಗಿ, ಬಂದೂಕುಗಳಿಗೆ ಇಷ್ಟೆಲ್ಲ ಗುರುತು ಇರುವಾಗ ರಾಕೆಟ್‌ಗೆ ಹುಲಿಪಟ್ಟೆಯೂ ಇಲ್ಲ, ಶಕೆಯೂ ಇಲ್ಲ. ಇದು ಸಹಜವೇ. ಫಿರಂಗಿ ರಾಜನ ಸ್ವತ್ತು, ತಲೆಮಾರುಗಳ ಕಾಲ ಉಳಿಯುವಂಥದ್ದು. ರಾಕೆಟ್ ಒಮ್ಮೆ ಹಾರಿದರೆ ಮುಗಿಯಿತು. ಅದನ್ನು ಸಾವಿರಗಟ್ಟಲೆ ಮಾಡಬೇಕಿತ್ತು, ಒಂದೊಂದರ ಮೇಲೂ ಕುಸುರಿ ಮಾಡುತ್ತಾ ಕೂರಲು ಯಾರಿಗೆ ಪುರುಸೊತ್ತು? ಆದ್ದರಿಂದ ನಗರದ ರಾಶಿಯ ಕಾಲವನ್ನು ಹೇಳುವುದು ಅಕ್ಷರವಲ್ಲ. ಆಕಾರ, ಲೋಹ, ಒಳಗೆ ಉಳಿದ ಮದ್ದಿನ ಅಂಶ ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಅದು ಸಿಕ್ಕ ಸ್ಥಳ.

ಆ ಸ್ಥಳದ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. 1763ರಲ್ಲಿ ಹೈದರಲಿ ರಾಣಿ ವೀರಮ್ಮಾಜಿಯಿಂದ ಬಿದನೂರನ್ನು ಗೆದ್ದು ಅದಕ್ಕೆ ಹೈದರ್‌ನಗರ ಎಂದು ಹೆಸರಿಟ್ಟ. ಇಂದಿನ ನಗರ ಎಂಬ ಹೆಸರು ಅದರ ಉಳಿಕೆ. ಅಲ್ಲಿ ಟಂಕಸಾಲೆ ನಡೆಸಿದ, ತನ್ನ ಪ್ರಧಾನ ಶಸ್ತ್ರಾಗಾರವನ್ನೂ ಅಲ್ಲೇ ಸ್ಥಾಪಿಸಿದ. ಆಯುಧ, ಮದ್ದುಗುಂಡು ತಯಾರಿಸಲು ಬಹಳ ಜನರಿಗೆ ಅಲ್ಲಿ ಕೆಲಸವಿತ್ತು. ಹೈದರನ ಮನೆತನಕ್ಕೆ ಬಾಣದ ವಿದ್ಯೆ ಹೊಸದಲ್ಲ. ಅವನ ತಂದೆ ಫತೇ ಮುಹಮ್ಮದ್ ಆರ್ಕಾಟಿನ ನವಾಬನ ಸೇವೆಯಲ್ಲಿ 50 ಮಂದಿ ಬಾಣದವರ ನಾಯಕನಾಗಿದ್ದವನು. ಟಿಪ್ಪುವಿನ ಕಾಲಕ್ಕೆ ಬಾಣದವರು ಸೈನ್ಯದ ಕ್ರಮಬದ್ಧ ಅಂಗವಾದರು. ಜೈನುಲ್ ಆಬಿದೀನ್ ಶುಸ್ತರಿ ಬರೆದ ‘ಫತ್‌ಹುಲ್ ಮುಜಾಹಿದೀನ್’ ಎಂಬ ಸೇನಾ ಕೈಪಿಡಿಯ ಪ್ರಕಾರ ಪ್ರತಿ ಕುಶೂನ್ ಅಂದರೆ ದಳಕ್ಕೆ 200 ಜನ ಬಾಣದವರು. ಫಾರಸಿ-ಉರ್ದುವಿನ ‘ಬಾನ್’ ನಮ್ಮ ‘ಬಾಣ’ವೇ. ಜಾತ್ರೆಯ ‘ಬಾಣಬಿರುಸು’ ಎಂಬ ಮಾತಿನಲ್ಲಿ ಅದು ಇಂದಿಗೂ ನಮ್ಮ ಬಾಯಲ್ಲಿದೆ. ಬೆಂಗಳೂರಿನ ತಾರಾಮಂಡಲಪೇಟೆಯ ಹೆಸರು ಕೇಳಿದವರು ಅದು ಬಾಣಗಳ ಕಾರ್ಖಾನೆಯ ನೆನಪು ಎಂಬುದನ್ನು ಮರೆತಿದ್ದಾರೆ. ಅಂಥ ತಾರಾಮಂಡಲಗಳು ಶ್ರೀರಂಗಪಟ್ಟಣ, ಚಿತ್ರದುರ್ಗ, ಬಿದನೂರುಗಳಲ್ಲಿಯೂ ಇದ್ದವು.

ಈ ಬಾಣಗಳು ಏನು ಮಾಡಿದವು? 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರದ ಪೊಲ್ಲಿಲೂರಿನಲ್ಲಿ ಕರ್ನಲ್ ಬೇಯ್ಲಿಯ ಸೈನ್ಯದ ಮದ್ದಿನ ಬಂಡಿಗಳು ಸ್ಫೋಟಗೊಂಡು ಕಂಪನಿಗೆ ದೊಡ್ಡ ಸೋಲಾಯಿತು. ಆ ಬೆಂಕಿ ಹೊತ್ತಿಸಿದ್ದು ಬಾಣಗಳೇ ಎಂಬ ನಂಬಿಕೆ ಬಲವಾಗಿದೆ. 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಬಳಿ ಸುಲ್ತಾನ್‌ಪೇಟೆ ತೋಪಿನಲ್ಲಿ ಮುಂದೆ ವೆಲಿಂಗ್ಟನ್ ಡ್ಯೂಕ್ ಎನಿಸಿದ ಆರ್ಥರ್ ವೆಲ್ಲೆಸ್ಲಿ ಕತ್ತಲಲ್ಲಿ ಬಾಣ, ಬಂದೂಕುಗಳ ಸುರಿಮಳೆಗೆ ಸಿಕ್ಕಿ ಹಿಂದೆಗೆಯಬೇಕಾಯಿತು. ಹಾಗೆಂದು ಉತ್ಪ್ರೇಕ್ಷೆ ಬೇಡ. ಬಾಣಗಳ ಗುರಿ ನಿಖರವಲ್ಲ. ಕುದುರೆ, ಎತ್ತು, ಆನೆಗಳ ಗುಂಪಿನಲ್ಲಿ ಗಾಬರಿ ಹುಟ್ಟಿಸುವುದರಲ್ಲಿ ಅವುಗಳ ಶಕ್ತಿಯಿತ್ತು. ಸಾಲುಗಟ್ಟಿ ನಿಂತ ಕಾಲಾಳುಗಳಿಗೆ ಅಷ್ಟೇನೂ ಹಾನಿಯಾಗುತ್ತಿರಲಿಲ್ಲ ಎಂದು ಆ ಕಾಲದ ಬ್ರಿಟಿಷ್ ಅಧಿಕಾರಿಗಳು ಬರೆದಿದ್ದಾರೆ. ಕೊನೆಗೆ ಮೇ 4ರಂದು ಕೋಟೆ ಬಿತ್ತು. ಅಲ್ಲಿ 600 ಉಡಾವಣಾ ಚೌಕಟ್ಟು, ಬಳಕೆಗೆ ಸಿದ್ಧವಾದ 700 ರಾಕೆಟ್ ಮತ್ತು 9,000 ಖಾಲಿ ರಾಕೆಟ್‌ಗಳು ಸಿಕ್ಕವೆಂದು ಲೆಕ್ಕವಿದೆ.

ಮೈಸೂರಿನ ರಾಕೆಟ್‌ಗಳು ಊಲ್ವಿಚ್ ಸೇರಿದವು. ವಿಲಿಯಂ ಕಾಂಗ್ರೀವ್ ಅಲ್ಲಿ ಪ್ರಯೋಗ ನಡೆಸಿ ಇನ್ನೂ ದೊಡ್ಡ ಕಬ್ಬಿಣದ ರಾಕೆಟ್‌ಗಳನ್ನು ತಯಾರಿಸಿದ. 1806ರಲ್ಲಿ ಫ್ರಾನ್ಸಿನ ಬುಲೋನ್ ಮೇಲೆ, 1807ರಲ್ಲಿ ಕೋಪನ್‌ಹೇಗನ್ ಮೇಲೆ ಅವು ಬಿದ್ದವು. 1814ರಲ್ಲಿ ಬಾಲ್ಟಿಮೋರಿನ ಕೋಟೆಯ ಮೇಲೆ ಹಾರಿದ ರಾಕೆಟ್‌ಗಳ ಕೆಂಪು ಬೆಳಕು ಅಮೆರಿಕದ ರಾಷ್ಟ್ರಗೀತೆಯೊಳಗೇ ಸೇರಿಹೋಯಿತು. ಅಬ್ದುಲ್ ಕಲಾಂ ಅವರು ತರುಣ ಎಂಜಿನಿಯರಾಗಿ ಅಮೆರಿಕದ ವಾಲಪ್ಸ್ ರಾಕೆಟ್ ಕೇಂದ್ರಕ್ಕೆ ಹೋದಾಗ ಅಲ್ಲಿನ ಗೋಡೆಯ ಮೇಲೆ ಟಿಪ್ಪುವಿನ ಬಾಣದವರ ಚಿತ್ರ ಕಂಡು ಅಚ್ಚರಿಪಟ್ಟುದನ್ನು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಆ ಬಾಣಗಳ ಒಂದು ರಾಶಿ ಅದೇ ವೇಳೆ ನಮ್ಮ ಮಲೆನಾಡಿನ ಬಾವಿಯೊಳಗೆ ಮಲಗಿತ್ತು.

ಬಾವಿಗೆ ಅವನ್ನು ಹಾಕಿದ್ದು ಯಾರು? ಎರಡು ಸಂದರ್ಭಗಳು ನನಗೆ ಹೊಳೆಯುತ್ತವೆ. 1783ರ ಜನವರಿಯಲ್ಲಿ ಮುಂಬಯಿಯಿಂದ ಬಂದ ಜನರಲ್ ಮ್ಯಾಥ್ಯೂಸ್‌ಗೆ ಬಿದನೂರು ಶರಣಾಯಿತು. ಕೆಲವೇ ತಿಂಗಳಲ್ಲಿ ಟಿಪ್ಪು ಮುತ್ತಿಗೆ ಹಾಕಿ ಅದನ್ನು ಮರಳಿ ಪಡೆದ. ಎರಡನೆಯದು 1799. ಶ್ರೀರಂಗಪಟ್ಟಣ ಬಿದ್ದ ಮೇಲೆ ನಮ್ಮ ಚನ್ನಗಿರಿಯಲ್ಲಿ ಹುಟ್ಟಿದ ಧೊಂಡಿಯ ವಾಘ್ ಸೆರೆಯಿಂದ ಹೊರಬಂದು, ಚದುರಿಹೋಗಿದ್ದ ಟಿಪ್ಪುವಿನ ಸೈನಿಕರನ್ನು ಕೂಡಿಸಿಕೊಂಡು ಬಿದನೂರು ಸೀಮೆಯನ್ನೆಲ್ಲ ಅಲ್ಲಾಡಿಸಿದ. ಆಗಸ್ಟಿನಲ್ಲಿ ಶಿಕಾರಿಪುರದ ಬಳಿ ಕಂಪನಿಯ ಪಡೆ ಅವನನ್ನು ಸೋಲಿಸಿ ಓಡಿಸಿತು. 1800ರ ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ವೆಲ್ಲೆಸ್ಲಿಯ ಸೈನ್ಯದ ಎದುರು ಅವನು ಹತನಾದ. ಶಸ್ತ್ರಾಗಾರ ಕೈಬದಲಾಗುವ ಇಂಥ ಹೊತ್ತಿನಲ್ಲಿ ಶತ್ರುವಿಗೆ ಸಿಗಬಾರದೆಂದು ಮದ್ದುಗುಂಡನ್ನು ನೀರಿಗೆ ಎಸೆಯುವುದು ಎಲ್ಲ ಸೈನ್ಯಗಳ ವಾಡಿಕೆ. ನನಗೆ 1799ರ ಸಂದರ್ಭವೇ ಹೆಚ್ಚು ಒಪ್ಪುತ್ತದೆ. 1783ರಲ್ಲಿ ಎಸೆದಿದ್ದರೆ ಊರನ್ನು ಮರಳಿ ಪಡೆದ ಟಿಪ್ಪುವಿನ ಜನ ಒಳ್ಳೆಯ ಕಬ್ಬಿಣವನ್ನು ಹದಿನಾರು ವರ್ಷ ಕೆಸರಿನಲ್ಲೇ ಬಿಡುತ್ತಿದ್ದರೆ? ಇದು ಊಹೆ. ಬೇರೆಯವರು ಬೇರೆ ರೀತಿ ಯೋಚಿಸಬಹುದು.

2018ರಲ್ಲಿ ಈ ಸುದ್ದಿ ಬಂದಾಗ ರಾಜ್ಯದಲ್ಲಿ ಟಿಪ್ಪು ಜಯಂತಿಯ ವಾಗ್ವಾದ ಬಿಸಿಯಾಗಿತ್ತು. 2015ರಲ್ಲಿ ಆರಂಭವಾದ ಸರ್ಕಾರಿ ಆಚರಣೆ 2019ರಲ್ಲಿ ರದ್ದಾಯಿತು. ಆ ಗದ್ದಲದಲ್ಲಿ ಕೆಲವರಿಗೆ ಈ ಬಾಣಗಳು ಟಿಪ್ಪುವಿನ ಹಿರಿಮೆಗೆ ಸಿಕ್ಕ ಪ್ರಮಾಣಪತ್ರವಾದವು, ಕೆಲವರಿಗೆ ಅವನ ಯುದ್ಧದಾಹಕ್ಕೆ ಸಾಕ್ಷಿಯಾದವು. ಕೊಳವೆಗಳು ಎರಡನ್ನೂ ಹೇಳುವುದಿಲ್ಲ. ಅವುಗಳ ಮೇಲೆ ಟಿಪ್ಪುವಿನ ಹೆಸರೂ ಇಲ್ಲ. ಕೆಲವು ಹೈದರನ ಕಾಲದವೂ ಆಗಿರಬಹುದು. ಬಿದನೂರಿನಂಥ ಊರಿನಲ್ಲಿ ಕಬ್ಬಿಣವನ್ನು ಜಗತ್ತಿನಲ್ಲಿ ಯಾರೂ ಬಳಸದ ಹಾಗೆ ಬಳಸಬಲ್ಲ ಕುಶಲಿಗಳಿದ್ದರು ಎಂಬುದನ್ನು ಮಾತ್ರ ಅವು ಹೇಳುತ್ತವೆ. ಬಾಣ ಹೊತ್ತು ನಡೆದವರಲ್ಲಿ ಎಲ್ಲ ಮತದವರೂ ಇದ್ದರು. ಆ ಸೈನ್ಯ ಅಂಥದ್ದು.

ಒಂದು ಪ್ರಾಯೋಗಿಕ ಮಾತು. ಹೊಲದಲ್ಲೋ ಬಾವಿಯಲ್ಲೋ ಇಂಥದ್ದು ಸಿಕ್ಕರೆ ಉಜ್ಜಬೇಡಿ, ಸುತ್ತಿಗೆಯಿಂದ ತಟ್ಟಬೇಡಿ, ಬಾಯಿಯ ಮಣ್ಣನ್ನು ಮೊಳೆಯಿಂದ ಕೆದಕಬೇಡಿ. ನೆನೆದ ಕರಿಮದ್ದು ಒಣಗಿದ ಮೇಲೆ ಮತ್ತೆ ಉರಿಯಬಲ್ಲದು. 2008ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ 1860ರ ದಶಕದ ಅಂತರ್ಯುದ್ಧದ ಗುಂಡೊಂದನ್ನು ಮನೆಯಂಗಳದಲ್ಲಿ ಶುಚಿಗೊಳಿಸುತ್ತಿದ್ದ ಅನುಭವಿ ಸಂಗ್ರಾಹಕನೇ ಅದು ಸಿಡಿದು ಸತ್ತ. ಇದ್ದಲ್ಲೇ ಬಿಟ್ಟು, ಫೋಟೋ ತೆಗೆದು, ಪೊಲೀಸರಿಗೂ ತಹಶೀಲ್ದಾರರಿಗೂ ತಿಳಿಸುವುದು ಸರಿಯಾದ ದಾರಿ. ನೆಲದಡಿ ಸಿಕ್ಕ ಬೆಲೆಯುಳ್ಳ ವಸ್ತುವಿನ ಬಗ್ಗೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು 1878ರ ನಿಧಿ ಕಾಯ್ದೆಯೂ ಹೇಳುತ್ತದೆ. ಗುಜರಿಯವನಿಗೆ ಕೊಟ್ಟರೆ ಕಿಲೋಗೆ ಒಂದಿಷ್ಟು ರೂಪಾಯಿ ಸಿಗುತ್ತದೆ, ಅಷ್ಟೇ. ಇದು ಎಲ್ಲಿ, ಯಾವ ಆಳದಲ್ಲಿ, ಯಾವುದರ ಜೊತೆ ಸಿಕ್ಕಿತು ಎಂಬ ವಿವರ ಆ ಕಬ್ಬಿಣದೊಂದಿಗೇ ಕರಗಿಹೋಗುತ್ತದೆ. ನಗರದ ಕೊಳವೆಗಳು ಬಾವಿಯಲ್ಲಿ ರಾಶಿಯಾಗಿ ಸಿಗದೆ ಒಂದೊಂದಾಗಿ ಗುಜರಿ ಅಂಗಡಿಯಲ್ಲಿ ಕಾಣಿಸಿಕೊಂಡಿದ್ದರೆ ಅವನ್ನು ಯಾರೂ ನೀರಿನ ಪೈಪಿನ ತುಂಡಿಗಿಂತ ಹೆಚ್ಚೆಂದು ಎಣಿಸುತ್ತಿರಲಿಲ್ಲ.

ನ್ಯಾಮತಿಯಿಂದ ಶಿವಮೊಗ್ಗ ದೂರವೇನಲ್ಲ. ಸಂತೆಗೋ ಆಸ್ಪತ್ರೆಗೋ ಹೋದವರು ಅರ್ಧ ತಾಸು ಬಿಡುವು ಮಾಡಿಕೊಂಡು ಕೋಟೆಯ ಕಡೆಗೆ ಕಾಲು ಹಾಕಬಹುದು. ಮೈಸೂರಿನ ಬಾಣ ಹೇಗಿತ್ತು ಎಂದು ತಿಳಿಯಲು ವಿದ್ವಾಂಸರು ಬಹುಕಾಲ ಲಂಡನ್ನಿನ ಎರಡು ಕೊಳವೆಗಳನ್ನೇ ನೆಚ್ಚಿಕೊಂಡಿದ್ದರು. ಈಗ ಸಾವಿರಕ್ಕೂ ಹೆಚ್ಚು ಕೊಳವೆಗಳು ತುಂಗೆಯ ದಡದಲ್ಲೇ ಇವೆ.